ವಿದುರನ ಅರ್ಥ

ಮೇ ತಿಂಗಳ ಕೊನೆಗೆ, ಪತ್ತನಾಜೆಯಂದು, ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದೆ ಮಳೆ ಹಿಡಿದ ಸಂಜೆಗಳು ತಾಳಮದ್ದಳೆಗೆ ಸಲ್ಲುತ್ತವೆ. ದೇವಸ್ಥಾನದ ಚಾವಡಿಯಲ್ಲೋ ಮನೆಯ ಜಗಲಿಯಲ್ಲೋ ಚಾಪೆ ಹಾಸಿ ಭಾಗವತರು ಪದ ಎತ್ತಿದೊಡನೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಕೃಷ್ಣನೂ ಕೌರವನೂ ಆಗಿ ಮಾತಿಗೆ ತೊಡಗುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಪದದ ಭಾವವನ್ನು ಹಿಡಿದು, ಎದುರಾಳಿಯ ಮಾತಿಗೆ ಅಲ್ಲಿಯೇ ಉತ್ತರ ಕಟ್ಟಬೇಕು. ಇಲ್ಲಿ ಬೇಕಾದುದು ಕಾಲಿನ ಕಸುವಲ್ಲ. ನೆನಪು, ಕಂಠ, ಬದುಕಿನ ಅನುಭವ. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಒಪ್ಪುವ ಕಲೆ ದೊರೆಯುವುದು ದುರ್ಲಭ.

ಎಪ್ಪತ್ತು ದಾಟಿದ ಒಬ್ಬ ಹಿರಿಯರನ್ನು ಕಲ್ಪಿಸಿಕೊಳ್ಳಿ. ನಿವೃತ್ತಿಯ ದಿನ ಹಾರ ಹಾಕಿ ಬೀಳ್ಕೊಟ್ಟವರು ಮರುದಿನ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮಕ್ಕಳು ಬೆಂಗಳೂರು, ಮುಂಬಯಿ ಸೇರಿದರು. ಮಡದಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಗೋಡೆಯ ಗಡಿಯಾರವೊಂದೇ. ಊಟ ಸೇರದು, ನಿದ್ರೆ ಹತ್ತದು. ‘ಯಾರಿಗಾಗಿ ಏಳಬೇಕು?’ ಎಂಬ ಪ್ರಶ್ನೆ ಬೆಳಗಾಗುತ್ತಲೇ ಎದುರು ನಿಲ್ಲುತ್ತದೆ. ನೆರೆಯವರು ಇದನ್ನು ವಯಸ್ಸಿನ ಸಹಜ ಗುಣವೆಂದು ತಿಳಿದು ಸುಮ್ಮನಾಗುತ್ತಾರೆ. ಆದರೆ ಖಿನ್ನತೆಯು ವಯಸ್ಸಿನ ಗುಣವಲ್ಲ, ವ್ಯಾಧಿ. ಚಿಕಿತ್ಸೆಗೆ ಬಗ್ಗುವ ವ್ಯಾಧಿ. 60 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 14 ಮಂದಿ ಒಂದಿಲ್ಲೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು.

ಮರೆವಿನ ಕಾಯಿಲೆಗೂ ಒಂಟಿತನಕ್ಕೂ ನಂಟಿದೆ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಆ ಕಾಯಿಲೆಗೆ ಎಡೆಮಾಡುವ, ಆದರೆ ತಗ್ಗಿಸಲು ಸಾಧ್ಯವಾದ 14 ಅಂಶಗಳನ್ನು ಹೆಸರಿಸಿತು. ಜನಸಂಪರ್ಕವಿಲ್ಲದಿರುವುದು, ಖಿನ್ನತೆ, ಕಿವಿ ಮಂದವಾಗುವುದು ಮೂರೂ ಅದರಲ್ಲಿವೆ. ಇವು ಒಂದನ್ನೊಂದು ಕೈಹಿಡಿದು ಬರುವುದೂ ಉಂಟು. ಕಿವಿ ಕೇಳಿಸದವರು ನಗೆಪಾಟಲಿಗೆ ಅಂಜಿ ಸಭೆಯಿಂದ ದೂರ ಸರಿಯುತ್ತಾರೆ. ದೂರ ಸರಿದವರ ಮನಸ್ಸು ಮುದುಡುತ್ತದೆ.

ಹಾಗೆಂದು ಕೂಟ ಸೇರಿದವರೆಲ್ಲ ಗುಣವಾದರೆಂದು ಹೇಳಿಬಿಡುವುದು ಆತುರವಾದೀತು. ಮನಸ್ಸು ಗೆಲುವಾಗಿರುವವರೇ ಕೂಟಕ್ಕೆ ಬರುತ್ತಾರೆ, ಕುಗ್ಗಿದವರು ಮನೆಯಲ್ಲೇ ಉಳಿಯುತ್ತಾರೆ ಎಂಬುದೂ ನಿಜ. ಆದುದರಿಂದ ಬಾರದವರ ಬಾಗಿಲಿಗೆ ಯಾರಾದರೂ ಹೋಗಬೇಕಾಗುತ್ತದೆ. ವೈದ್ಯರು ಕೊಟ್ಟ ಔಷಧವನ್ನು ತಾಳಮದ್ದಳೆಯ ಭರವಸೆಯಿಂದ ಬಿಡತಕ್ಕದ್ದೂ ಅಲ್ಲ.

ಶಾಲು ಹೊದಿಸಿ ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸುವುದು ಗೌರವವೇ ಸರಿ. ಆದರೆ ಆ ಕುರ್ಚಿ ಖಾಲಿಯಾದರೂ ಸಭೆ ನಡೆಯುತ್ತದೆ. ಅರ್ಥಧಾರಿ ಬಾರದಿದ್ದರೆ ಪ್ರಸಂಗ ನಿಲ್ಲುತ್ತದೆ. ಭಜನಾ ಮಂಡಳಿಯಲ್ಲಿ ತಾಳ ಹಿಡಿಯುವ ಅಜ್ಜಿಯ ಸ್ಥಾನವೂ ಅಂತಹುದೇ. ಬಹುಕಾಲ ಗಂಡಸರದೇ ಆಗಿದ್ದ ತಾಳಮದ್ದಳೆಯಲ್ಲಿ ಈಗ ಮಹಿಳೆಯರ ಕೂಟಗಳೂ ಇವೆ.

ಆ ಹಿರಿಯರ ಮನೆಗೆ ಸಂಘದ ತರುಣನೊಬ್ಬ ಬಂದು, “ಶನಿವಾರ ‘ಕೃಷ್ಣಸಂಧಾನ’ ಇಟ್ಟಿದ್ದೇವೆ. ವಿದುರನ ಅರ್ಥ ತಾವೇ ಹೇಳಬೇಕು” ಎನ್ನುತ್ತಾನೆ. “ನನ್ನಿಂದ ಇನ್ನೇನಾದೀತು ಮಾರಾಯಾ, ಎಲ್ಲ ಮರೆತುಹೋಗಿದೆ” ಎಂದು ಅವರು ತಳ್ಳಿಹಾಕುತ್ತಾರೆ. ತರುಣ ಹಳೆಯ ಪ್ರಸಂಗ ಪುಸ್ತಕವನ್ನು ಜಗಲಿಯ ಮೇಲಿಟ್ಟು ಹೋಗುತ್ತಾನೆ. ಎರಡು ದಿನ ಅದು ಅಲ್ಲಿಯೇ ಇರುತ್ತದೆ. ಮೂರನೆಯ ದಿನ ಕನ್ನಡಕ ಹುಡುಕುವ ಕೆಲಸ ಮೊದಲಾಗುತ್ತದೆ. ನೆರೆಮನೆಯ ಹುಡುಗ ಪದ ಓದಿಕೊಡುತ್ತಾನೆ. ಅವನ ಉಚ್ಚಾರವನ್ನು ತಿದ್ದುತ್ತ ತಿದ್ದುತ್ತ ಮರೆತ ಮಾತೆಲ್ಲ ನಾಲಗೆಗೆ ಬರುತ್ತದೆ.

ಶನಿವಾರ ಸಂಜೆ ಅವರು ಗಡ್ಡ ಬೋಳಿಸಿ, ಮಡಿಸಿಟ್ಟ ಶಲ್ಯ ಹೊದ್ದು, ಕೊಡೆ ಹಿಡಿದು ಚಾವಡಿಗೆ ಬರುತ್ತಾರೆ. ಭಾಗವತರ ಪದ ಮುಗಿಯುತ್ತದೆ. ಇಪ್ಪತ್ತರ ಹರೆಯದ ಕೃಷ್ಣ ವಿದುರನ ಬಾಗಿಲಲ್ಲಿ ನಿಂತಿದ್ದಾನೆ. ಹಿರಿಯರು ಗಂಟಲು ಸರಿಮಾಡಿಕೊಂಡು, “ಬಂದೆಯಾ ತಂದೆ” ಎಂದು ಮಾತಿಗೆ ತೊಡಗುತ್ತಾರೆ.