ಏನು ಓಡಿತು, ಏನು ಓಡಲಿಲ್ಲ

ತಂಗೀ,

ನೀನು ಬರೆಯುತ್ತಿರುವ ಗುತ್ತಿಗೆ ಲೆಕ್ಕದ ಪ್ರೋಗ್ರಾಂ ನೋಡಿದೆ. ಬಳಗಾನೂರಿನಲ್ಲಿ ಕೂತು ಪೈಥಾನ್ ಬರೆಯುವ ಹುಡುಗಿ, ಅದರ ಜೊತೆಗೆ ಯುನಿಟ್ ಟೆಸ್ಟ್ ಕೂಡ ಬರೆದಿದ್ದಾಳೆ ಅನ್ನುವುದೇ ನನಗೆ ದೊಡ್ಡ ಸಂತೋಷ. ಆದರೆ ನೀನು ಪ್ರತಿ ಸಲವೂ ಟೆಸ್ಟ್ ಓಡಿಸುವ ಆಜ್ಞೆಯನ್ನು ಬರೀ ಪೈಟೆಸ್ಟ್ ಎಂದು ಹೊಡೆದು, ಎಲ್ಲ ಮುಗಿಯುವ ತನಕ ಕಾಯುತ್ತೀಯಂತೆ. ಕಾಯಲು ಬೇಸರವಾದ ದಿನ ಟೆಸ್ಟ್ ಬಿಟ್ಟೇ ಕೋಡ್ ಕಳಿಸುತ್ತೀಯಂತೆ. ಇವೆರಡೂ ಬೇಡ. ಆ ಆಜ್ಞೆಯ ಮುಂದೆ ಬರೆಯುವ ಒಂದೆರಡು ಅಕ್ಷರಗಳಿಂದ ಕೆಲಸ ಬಹಳ ಹಗುರವಾಗುತ್ತದೆ. ಅದೇ ಅಕ್ಷರಗಳಿಂದ ಮೋಸವೂ ಆಗುತ್ತದೆ. ಎರಡನ್ನೂ ಹೇಳುತ್ತೇನೆ.

ಮೊದಲು ನಿನ್ನ ಪ್ರೋಗ್ರಾಂ ವಿಷಯ. ಪಹಣಿಯಲ್ಲಿ 2 ಎಕರೆ 25 ಗುಂಟೆ ಇರುವ ಹೊಲಕ್ಕೆ 1 ಎಕರೆ 20 ಗುಂಟೆ ಕೂಡಿಸಿದರೆ 4 ಎಕರೆ 5 ಗುಂಟೆ ಬರಬೇಕು, ಏಕೆಂದರೆ 40 ಗುಂಟೆಗೆ ಒಂದು ಎಕರೆ. ಅದನ್ನು ಯಾರಾದರೂ 2.25, 1.20 ಎಂದು ದಶಾಂಶದಲ್ಲಿ ಇಟ್ಟರೆ ಮೊತ್ತ 3.45 ಆಗುತ್ತದೆ. ಮೂರು ಎಕರೆ ನಲವತ್ತೈದು ಗುಂಟೆ ಎಂಬ ಅಳತೆಯನ್ನು ನಮ್ಮೂರಿನ ಯಾವ ರೈತನೂ ಒಪ್ಪುವುದಿಲ್ಲ. ಎಕರೆಗೆ ಇಷ್ಟು ಚೀಲ ಭತ್ತ ಎಂದು ಗುತ್ತಿಗೆ ಮಾತಾಡಿದವನಿಗೆ ಈ ತಪ್ಪು ನೇರವಾಗಿ ಚೀಲದ ಲೆಕ್ಕಕ್ಕೆ ಬಂದು ಬೀಳುತ್ತದೆ. ಆದ್ದರಿಂದ ಗುಂಟೆ ಕೂಡಿಸುವ ಕೋಡನ್ನು ಮುಟ್ಟಿದಾಗಲೆಲ್ಲ ಗುಂಟೆಯ ಟೆಸ್ಟ್ ಓಡಬೇಕು. ಪಟ್ಟಿ ಮುದ್ರಿಸುವ ಟೆಸ್ಟ್, ಫೈಲ್ ಉಳಿಸುವ ಟೆಸ್ಟ್ ಆ ಕ್ಷಣಕ್ಕೆ ಬೇಕಿಲ್ಲ.

ಅದಕ್ಕೇ ಇರುವುದು ಡ್ಯಾಶ್ ಕೆ. ಅದರ ಮುಂದೆ ಗುಂಟೆ ಎಂದು ರೋಮನ್ ಅಕ್ಷರದಲ್ಲಿ ಬರೆದರೆ, ಹೆಸರಿನಲ್ಲಿ ಆ ತುಣುಕು ಇರುವ ಟೆಸ್ಟ್‌ಗಳು ಮಾತ್ರ ಓಡುತ್ತವೆ. ಉದ್ಧರಣ ಚಿಹ್ನೆಯೊಳಗೆ ಆ್ಯಂಡ್, ಆರ್, ನಾಟ್ ಸೇರಿಸಿ ಇನ್ನೂ ಬಿಗಿ ಮಾಡಬಹುದು. ಒಂದು ಎಚ್ಚರ: ಅದು ಪೂರ್ತಿ ಪದವನ್ನಲ್ಲ, ತುಣುಕನ್ನು ಹುಡುಕುತ್ತದೆ. ಗುಂಟೆಯ ಹದಿನಾರನೇ ಒಂದು ಪಾಲಾದ ಆಣೆಗೆ ಮುಂದೆ ಟೆಸ್ಟ್ ಬರೆದು, ಅದು ಬೇಕೆಂದು ರೋಮನ್‌ನಲ್ಲಿ ಆಣೆ ಎಂದು ಬರೆದರೆ ಮನೆ ಜಾಗದ ಟೆಸ್ಟ್‌ಗಳೂ ಎದ್ದು ಬರುತ್ತವೆ, ಮನೆಯ ಸ್ಪೆಲ್ಲಿಂಗ್‌ನೊಳಗೇ ಆಣೆಯ ಸ್ಪೆಲ್ಲಿಂಗ್ ಇದೆ. ಅನುಮಾನವಿದ್ದರೆ ಡಬಲ್ ಡ್ಯಾಶ್ ಕಲೆಕ್ಟ್ ಓನ್ಲಿ ಸೇರಿಸು. ಏನನ್ನೂ ಓಡಿಸದೆ, ಯಾವ ಯಾವ ಟೆಸ್ಟ್ ಓಡಲಿವೆ ಎಂಬ ಪಟ್ಟಿಯನ್ನು ಮಾತ್ರ ಕೊಡುತ್ತದೆ. ಒಂದೇ ಒಂದು ಟೆಸ್ಟ್ ಬೇಕಾದರೆ ಫೈಲಿನ ಹೆಸರು, ಎರಡು ಸಲ ಕೋಲನ್, ಟೆಸ್ಟಿನ ಹೆಸರು ಬರೆ. ಅಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ.

ಇದೆಲ್ಲ ನಡೆಯುವುದು ಹೆಸರು ಸರಿಯಿದ್ದರೆ ಮಾತ್ರ. ನಿನ್ನ ಫೈಲಿನಲ್ಲಿ ಟೆಸ್ಟ್ ಒಂದು, ಟೆಸ್ಟ್ ಎರಡು ಎಂದೇ ಹೆಸರಿಟ್ಟಿದ್ದೀಯ. ನಮ್ಮ ಪಕ್ಕದ ಮಸ್ಕಿಯ ಬಂಡೆಯನ್ನು ನೆನೆ. ದೇವಾನಾಂಪ್ರಿಯ ಎಂಬ ಬಿರುದಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಕಂಡ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು, ಆಮೇಲೆ ಆ ಬಿರುದು ಯಾರದೆಂಬ ಸಂಶಯ ಉಳಿಯಲಿಲ್ಲ. ಹಾಗೆಯೇ ಟೆಸ್ಟ್‌ಗೂ ಅದು ಏನನ್ನು ನೋಡುತ್ತದೋ ಆ ಹೆಸರನ್ನೇ ಇಡು: ನಲವತ್ತು ಗುಂಟೆ ದಾಟಿದರೆ ಎಕರೆ, ಹದಿನಾರು ಆಣೆ ದಾಟಿದರೆ ಗುಂಟೆ. ಉದ್ದವಾದರೂ ಚಿಂತೆಯಿಲ್ಲ.

ತಪ್ಪು ಹುಡುಕುವಾಗ ನನ್ನ ಕೈಗೆ ಮೊದಲು ಬರುವುದು ಡ್ಯಾಶ್ ಎಕ್ಸ್. ಮೊದಲ ಟೆಸ್ಟ್ ಫೇಲಾದ ಕೂಡಲೇ ನಿಂತುಬಿಡುತ್ತದೆ. ಪರದೆ ತುಂಬ ಕೆಂಪು ಸುರಿದರೆ ಯಾವುದು ಮೂಲ, ಯಾವುದು ಅದರ ಬಾಲ ಎಂದು ತಿಳಿಯುವುದಿಲ್ಲ. ಆ ಮೊದಲ ತಪ್ಪನ್ನು ಸರಿಪಡಿಸಿದ ಮೇಲೆ ಡಬಲ್ ಡ್ಯಾಶ್ ಎಲ್‌ಎಫ್ ಕೊಡು. ಹಿಂದಿನ ಸಲ ಫೇಲಾದವು ಯಾವುವೆಂದು ಪೈಟೆಸ್ಟ್ ನಿನ್ನ ಫೋಲ್ಡರಿನಲ್ಲೇ ಒಂದು ಕ್ಯಾಶ್‌ನಲ್ಲಿ ಬರೆದಿಟ್ಟಿರುತ್ತದೆ, ಅವನ್ನಷ್ಟೇ ಮತ್ತೆ ಓಡಿಸುತ್ತದೆ. ಫೇಲಾದದ್ದು ಏನೂ ಇಲ್ಲದಿದ್ದರೆ ಎಲ್ಲವನ್ನೂ ಓಡಿಸುತ್ತದೆ, ಅದನ್ನು ಕಂಡು ಗಾಬರಿಯಾಗಬೇಡ. ಡಬಲ್ ಡ್ಯಾಶ್ ಎಫ್‌ಎಫ್ ಎಂದರೆ ಫೇಲಾದವು ಮೊದಲು, ಉಳಿದವು ಆಮೇಲೆ. ಫೇಲಾದ ಕಡೆ ವೇರಿಯಬಲ್‌ಗಳಲ್ಲಿ ಏನಿತ್ತೆಂದು ನೋಡಲು ಡ್ಯಾಶ್ ಎಲ್ ಸಾಕು. ಕೋಡ್ ತುಂಬ ಪ್ರಿಂಟ್ ಬರೆದು ಆಮೇಲೆ ಅಳಿಸುವ ಕಷ್ಟ ತಪ್ಪುತ್ತದೆ.

ಕನ್ನಡದ ಅಕ್ಷರ ನಿನ್ನ ಪ್ರೋಗ್ರಾಂನಲ್ಲಿ ಇರುವುದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಇಂಗ್ಲಿಷ್ ಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ದೇವದುರ್ಗ ಎಂಬ ಹೆಸರಿನ ದೇ ಅಕ್ಷರದ ಏತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ಗೆ ಬೇರೆ ಬೇರೆ. ಟೆಸ್ಟ್ ಫೇಲಾಗಿ, ಎರಡೂ ಕಡೆ ದೇವದುರ್ಗ ಎಂದೇ ಕಂಡರೆ, ಎರಡನ್ನೂ ಆಸ್ಕಿ ಎಂಬ ಫಂಕ್ಷನ್ನಿಗೆ ಕೊಟ್ಟು ಸಂಕೇತಗಳನ್ನು ನೋಡು. ಪರಿಹಾರ ಸುಲಭ: ಹೋಲಿಸುವ ಮೊದಲು ಎರಡನ್ನೂ ಯುನಿಕೋಡ್‌ನ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಇನ್ನೊಂದು, ಪದ ಬಿಡಿಸಲು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಬಳಸಿದ್ದೀಯ. ಪೈಥಾನಿನ ಸ್ವಂತ ಲೈಬ್ರರಿ ನಮ್ಮ ಗುಣಿತದ ಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರವೆಂದು ಎಣಿಸುವುದಿಲ್ಲ, ಹಾಗಾಗಿ ಮಸ್ಕಿ ಎಂಬುದು ಮಸ, ಕ ಎಂದು ಎರಡು ಹೋಳಾಗುತ್ತದೆ. ಇದಕ್ಕೆ ಇವತ್ತೇ ಒಂದು ಟೆಸ್ಟ್ ಬರೆ. ಒಂದೇ ಟೆಸ್ಟಿಗೆ ಹಲವು ಊರಿನ ಹೆಸರು ಕೊಡುವಾಗ ಪ್ರತಿಯೊಂದಕ್ಕೂ ರೋಮನ್‌ನಲ್ಲಿ ಗುರುತು ಕೊಡು, ಇಲ್ಲವಾದರೆ ಪಟ್ಟಿಯಲ್ಲಿ ಕನ್ನಡದ ಬದಲು ಯು, ಸೊನ್ನೆ, ಸಿ ಎಂಬ ಸಂಕೇತಗಳ ಸಾಲು ಕಾಣುತ್ತದೆ, ಡ್ಯಾಶ್ ಕೆ ಹಾಕಿ ಹುಡುಕಲು ಆಗುವುದಿಲ್ಲ.

ನಿನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಫೈಲ್ ಓದುವ ಟೆಸ್ಟ್ ಫೇಲಾಗಿ, ಲಿನಕ್ಸ್ ಸರ್ವರ್‌ನಲ್ಲಿ ಪಾಸಾದರೆ, ಎನ್ಕೋಡಿಂಗ್ ಕಾರಣವಿರಬಹುದು. ಪೈಥಾನ್ ಆಜ್ಞೆಗೇ ಡ್ಯಾಶ್ ದೊಡ್ಡ ಎಕ್ಸ್, ಯುಟಿಎಫ್ 8 ಎಂದು ಕೊಟ್ಟರೆ ತಕ್ಷಣಕ್ಕೆ ಸರಿಹೋಗುತ್ತದೆ. ಪೈಥಾನ್ 3.7ರಿಂದ ಈ ಆಪ್ಷನ್ ಇದೆ. ಆದರೆ ಅದರ ಮೇಲೆ ನೆಚ್ಚಿಕೊಳ್ಳಬೇಡ. ಬಳಸುವವರು ಆ ಆಪ್ಷನ್ ಕೊಟ್ಟು ಪ್ರೋಗ್ರಾಂ ತೆರೆಯುವುದಿಲ್ಲ. ಫೈಲ್ ತೆರೆಯುವ ಸಾಲಿನಲ್ಲೇ ಎನ್ಕೋಡಿಂಗ್ ಬರೆ.

ಈಗ ಮೋಸದ ಮಾತು. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ. ಡ್ಯಾಶ್ ಕೆ ಹಾಕಿ ಬಂದ ಹಸಿರು, ಆ ಕೆಲವು ಟೆಸ್ಟ್‌ಗಳ ಹಸಿರು ಮಾತ್ರ. ಕೊನೆಯ ಸಾಲಿನಲ್ಲಿ ಎಷ್ಟು ಪಾಸಾದವು ಎಂಬುದರ ಪಕ್ಕದಲ್ಲೇ ಎಷ್ಟನ್ನು ಬಿಟ್ಟೆವು ಎಂದೂ ಇರುತ್ತದೆ, ಡೀಸೆಲೆಕ್ಟೆಡ್ ಎಂದು. ಆ ಅಂಕಿಯನ್ನು ಓದು. ಹೆಸರಿನ ಸ್ಪೆಲ್ಲಿಂಗ್ ತಪ್ಪಿದರೆ ಒಂದು ಟೆಸ್ಟೂ ಓಡುವುದಿಲ್ಲ. ಆಗ ಪೈಟೆಸ್ಟ್ ಕೊಡುವ ಎಕ್ಸಿಟ್ ಕೋಡ್ 5. ಎಲ್ಲ ಪಾಸಾದರೆ 0, ಯಾವುದಾದರೂ ಫೇಲಾದರೆ 1, ಆಪ್ಷನ್ ತಪ್ಪಾಗಿ ಬರೆದಿದ್ದರೆ 4. ಕೋಡ್ ಕಳಿಸಿದಾಗ ಸರ್ವರ್‌ನಲ್ಲಿ ತಾನಾಗಿ ಟೆಸ್ಟ್ ಓಡಿಸುವ ಯಂತ್ರ ಪರದೆಯ ಬಣ್ಣ ನೋಡುವುದಿಲ್ಲ, ಈ ಅಂಕಿಯನ್ನೇ ನೋಡುತ್ತದೆ. ಆದ್ದರಿಂದ ಆ ಸ್ಕ್ರಿಪ್ಟಿನ ಕೊನೆಗೆ ಪೈಪ್ ಪೈಪ್ ಟ್ರೂ ಎಂದು ಸೇರಿಸಿ ಫೇಲಾದದ್ದನ್ನು ಮುಚ್ಚುವ ಕೆಲಸವನ್ನು ಯಾರು ಹೇಳಿದರೂ ಮಾಡಬೇಡ. ಹಾಗೆಯೇ ಪೈಟೆಸ್ಟಿನ ಸೆಟ್ಟಿಂಗ್ ಫೈಲಿನಲ್ಲಿ ಆ್ಯಡ್ ಆಪ್ಟ್ಸ್ ಎಂಬ ಸಾಲಿದೆ, ಅಲ್ಲಿ ಬರೆದದ್ದು ಪ್ರತಿ ಸಲ, ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ. ಅಲ್ಲಿ ಡ್ಯಾಶ್ ಕೆ ಇಟ್ಟು ಮರೆತರೆ ಉಳಿದ ಟೆಸ್ಟ್‌ಗಳು ಇದ್ದೂ ಇಲ್ಲದಂತೆ. ಆಯ್ಕೆ ಮಾಡುವ ಆಪ್ಷನ್‌ಗಳು ನಿನ್ನ ಬೆರಳಿನಲ್ಲಿರಲಿ, ಫೈಲಿಗೆ ಹೋಗದಿರಲಿ.

ಇಂಥ ಮೋಸ ಬೇರೆ ಭಾಷೆಗಳಲ್ಲೂ ಇದೆ. ಮುಂದೆ ಬೆಂಗಳೂರಿನ ಕೆಲಸಕ್ಕೆ ಹೋದರೆ ಜಾವಾ ಎದುರಾಗಬಹುದು. ಅದರ ಮೇವೆನ್ ಎಂಬ ಬಿಲ್ಡ್ ಸಾಧನದಲ್ಲಿ ಸ್ಕಿಪ್ ಟೆಸ್ಟ್ಸ್ ಎಂಬ ಆಪ್ಷನ್ ಟೆಸ್ಟ್‌ಗಳನ್ನು ಕಂಪೈಲ್ ಮಾಡಿ ಓಡಿಸದೆ ಬಿಡುತ್ತದೆ. ಮೇವೆನ್ ಟೆಸ್ಟ್ ಸ್ಕಿಪ್ ಎಂಬ ಇನ್ನೊಂದು ಕಂಪೈಲ್ ಕೂಡ ಮಾಡುವುದಿಲ್ಲ. ಎರಡನೆಯದನ್ನು ರೂಢಿ ಮಾಡಿಕೊಂಡ ತಂಡದಲ್ಲಿ ಟೆಸ್ಟ್ ಕೋಡ್ ಮುರಿದುಬಿದ್ದದ್ದೇ ಗೊತ್ತಾಗುವುದಿಲ್ಲ. ಗೋ ಭಾಷೆಯಲ್ಲಿ ಹಳೆಯ ಫಲಿತಾಂಶವನ್ನೇ ಕ್ಯಾಶ್‌ನಿಂದ ತೋರಿಸುವುದುಂಟು, ಡ್ಯಾಶ್ ಕೌಂಟ್ ಸಮ ಒಂದು ಎಂದರೆ ಹೊಸದಾಗಿ ಓಡಿಸುತ್ತದೆ.

ಟೆಸ್ಟ್‌ಗಳು ನಿಧಾನವಾದವೆಂಬ ನಿನ್ನ ದೂರಿಗೆ ಡಬಲ್ ಡ್ಯಾಶ್ ಡ್ಯುರೇಶನ್ಸ್ ಸಮ 10 ಕೊಟ್ಟು ನೋಡು. ಹೆಚ್ಚು ಹೊತ್ತು ಹಿಡಿದ ಹತ್ತನ್ನು ಹೆಸರು ಹಿಡಿದು ತೋರಿಸುತ್ತದೆ. ಬಹುಶಃ ಪಟ್ಟಿ ಮುದ್ರಿಸುವ ಒಂದೆರಡೇ ಎಲ್ಲ ಸಮಯ ನುಂಗುತ್ತಿರಬೇಕು. ಅವಕ್ಕೆ ಸ್ಲೋ ಎಂಬ ಗುರುತು ಹಚ್ಚಿ, ದಿನದ ಕೆಲಸದಲ್ಲಿ ಡ್ಯಾಶ್ ಎಂ, ನಾಟ್ ಸ್ಲೋ ಎಂದು ಬಿಟ್ಟು ಓಡಿಸು. ಕೋಡ್ ಕಳಿಸುವ ಮುನ್ನ ಮಾತ್ರ ಯಾವ ಆಪ್ಷನ್ನೂ ಇಲ್ಲದೆ ಬರೀ ಪೈಟೆಸ್ಟ್. ಅಷ್ಟು ಹೊತ್ತು ಕಾಯಲೇಬೇಕು.

ನಿನ್ನ ಫೈಲಿನಲ್ಲಿ ಆಣೆಯ ಟೆಸ್ಟ್ ಇನ್ನೂ ಇಲ್ಲ. 39 ಗುಂಟೆ 15 ಆಣೆಗೆ 1 ಆಣೆ ಕೂಡಿಸಿದರೆ ಸರಿಯಾಗಿ 1 ಎಕರೆ ಬರಬೇಕು. ಅದನ್ನು ಬರೆದು, ಡ್ಯಾಶ್ ಎಕ್ಸ್, ಡ್ಯಾಶ್ ಎಲ್ ಎರಡನ್ನೂ ಸೇರಿಸಿ ಓಡಿಸು. ಈಗಿನ ಕೋಡ್‌ಗೆ ಅದು ಫೇಲಾಗುತ್ತದೆಂದು ನನಗನಿಸುತ್ತದೆ. ಬಂದದ್ದನ್ನು ಪೂರ್ತಿ ಕಳಿಸು, ಇಬ್ಬರೂ ಕೂತು ನೋಡೋಣ.