ದವಾಖಾನೆಯ ಬಿಲ್ಲು, ಕಬ್ಬಿನ ಬಿಲ್ಲು: ಐದು ಲಕ್ಷದ ಆರೋಗ್ಯ ಯೋಜನೆ ಈಗ ಬೆಳೆಗಾರರಿಗೂ ಉಂಟು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬೀಜೋಪಚಾರ, ಕೂಳೆ ಬೆಳೆಯ ನಿಗಾ, ಗೊಣ್ಣೆಹುಳದ ಹತೋಟಿ ಇಂಥ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಬೆಳೆಯನ್ನು ಬಿಟ್ಟು ಬೆಳೆಯುವವರ ಶರೀರದ ವಿಷಯ ಬರೆಯಬೇಕಾಗಿದೆ. ಅದಕ್ಕೆ ಕಾರಣ ಉಂಟು.

2025ರ ಜನವರಿಯಲ್ಲಿ, ಹಂಗಾಮು ಭರದಲ್ಲಿದ್ದಾಗ, ಅಕ್ಕಲಕೋಟ ಭಾಗದ ಸಭಾಸದರೊಬ್ಬರು ಗಟ ಕಚೇರಿಗೆ ಬಂದು ತಮ್ಮ ಕಬ್ಬಿನ ಬಿಲ್ಲು ಯಾವಾಗ ಜಮಾ ಆದೀತೆಂದು ವಿಚಾರಿಸಿದರು. ಅವಸರ ಏಕೆಂದು ಕೇಳಿದಾಗ ವಿಷಯ ಹೊರಬಿತ್ತು. 73 ವರ್ಷದ ಅವರ ತಂದೆಗೆ ಎದೆನೋವು ಬಂದು ಸೊಲ್ಲಾಪುರದಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದರು. ಖರ್ಚು 1,80,000 ರೂಪಾಯಿ. ಅರ್ಧ ಪತಸಂಸ್ಥೆಯ ಸಾಲ, ಉಳಿದದ್ದು ಬೀಗರಿಂದ ಕೈಗಡ. ಸರಕಾರಿ ಯೋಜನೆಯ ಕಾರ್ಡು ತೋರಿಸಲಿಲ್ಲವೇ ಎಂದು ಕೇಳಿದೆ. ಅವರೆಂದರು: “ನಮಗ ಎಲ್ಲಿ ಬರ್ತದ್ರೀ ಸಾಹೇಬ್ರ? ನಮ್ಮದು ಬಿಳಿ ಕಾರ್ಡು, ಭಾವಿ ಅದ, ಮೋಟಾರ ಅದ. ನೀವೇ ಅಂದಿದ್ದಿರಲ್ರೀ.”

ಅವರು ಹೇಳಿದ್ದು ನಿಜ. 2019ರಲ್ಲಿ ಅವರ ಊರಿನ ಬೆಳೆಗಾರರ ಸಭೆಯಲ್ಲಿ ನಾನೇ ಹಾಗೆ ಹೇಳಿದ್ದೆ. ಆಗ ಅದು ಸರಿಯಾಗಿಯೂ ಇತ್ತು. ಆಮೇಲೆ ನಿಯಮ ಬದಲಾಯಿತು, ನಾನು ಅದನ್ನು ತಿಳಿದುಕೊಂಡು ತಮಗೆ ತಿಳಿಸಲಿಲ್ಲ. ಈ ಯೋಜನೆಯಲ್ಲಿ ಚಿಕಿತ್ಸೆ ನಗದಿಲ್ಲದೆ ನಡೆಯುತ್ತದೆ. ಕೈಯಿಂದ ಕೊಟ್ಟ ಹಣವನ್ನು ಆಮೇಲೆ ಅರ್ಜಿ ಹಾಕಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ಆ ಸಭಾಸದರ ಹಣ ಹೋದದ್ದು ಹೋಯಿತು. ಇನ್ನೊಬ್ಬರದು ಹೋಗಬಾರದೆಂದು ಈ ಲೇಖನ.

ಮೊದಲು ನಾವು ಹೊರಗೆ ಉಳಿದದ್ದು ಏಕೆ?

ನಮ್ಮ ದೇಶದಲ್ಲಿ ಸರಕಾರದ ಆರೋಗ್ಯ ವಿಮೆ ಪ್ರಾರಂಭವಾದದ್ದು ಸಂಬಳದವರಿಂದ. ಕಾರ್ಮಿಕರಿಗಾಗಿ 1948ರಲ್ಲಿ ಇ.ಎಸ್.ಐ. ಕಾಯ್ದೆ ಬಂತು, ಕೇಂದ್ರ ಸರಕಾರದ ನೌಕರರಿಗೆ 1954ರಲ್ಲಿ ಬೇರೊಂದು ಯೋಜನೆ ಬಂತು. (1948ರ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತು, ಆ ಹಂಗಾಮಿ ಯಾದಿಯಲ್ಲಿ ಸಕ್ಕರೆ ಮತ್ತು ಬೆಲ್ಲದ ತಯಾರಿಕೆಯ ಹೆಸರೇ ಇತ್ತು.) ಹೊಲದಲ್ಲಿ ದುಡಿಯುವವನ ಲೆಕ್ಕ ಎಲ್ಲಿಯೂ ಇರಲಿಲ್ಲ. 2008ರಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆ ಬಂತು. ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ. ಹೃದಯದ ಶಸ್ತ್ರಕ್ರಿಯೆಗೆ ಅದು ಯಾವ ಮೂಲೆಗೂ ಸಾಲದು.

2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ, ಅಂದರೆ ನಾವು ಆಯುಷ್ಮಾನ್ ಭಾರತ ಎನ್ನುವುದು, ಪ್ರಾರಂಭವಾಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಮನೆಯಲ್ಲಿ ಎಷ್ಟು ಜನರಿದ್ದರೂ ಸರಿ, ರೋಗ ಎಷ್ಟೇ ಹಳೆಯದಾಗಿದ್ದರೂ ಸರಿ. ಹೆಚ್ಚಿನ ರಾಜ್ಯಗಳಲ್ಲಿ ಖರ್ಚಿನ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಆದರೆ ಫಲಾನುಭವಿಗಳ ಯಾದಿಯನ್ನು 2011ರ ಸಾಮಾಜಿಕ ಆರ್ಥಿಕ ಗಣತಿಯಿಂದ ತೆಗೆದರು. ಆ ಗಣತಿಯಲ್ಲಿ ಕೆಲವು ಕುಟುಂಬಗಳನ್ನು ಬಡವರ ಲೆಕ್ಕದಿಂದ ತಾನಾಗಿಯೇ ಕೈಬಿಡುವ ನಿಯಮಗಳಿದ್ದವು. ಮೋಟಾರ್ ಸೈಕಲ್ಲಿದ್ದರೆ ಹೊರಗೆ, ಟ್ರ್ಯಾಕ್ಟರಿದ್ದರೆ ಹೊರಗೆ, 50,000 ರೂಪಾಯಿ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡಿದ್ದರೆ ಹೊರಗೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂವರೆ ಎಕರೆ ನೀರಾವರಿ ಜಮೀನು ಮತ್ತು ಒಂದು ನೀರೆತ್ತುವ ಯಂತ್ರವಿದ್ದರೆ ಹೊರಗೆ.

ಪಂಪಿಲ್ಲದೆ ನಮ್ಮ ಬರದ ನಾಡಿನಲ್ಲಿ ಕಬ್ಬು ಎಲ್ಲಿ ಬೆಳೆಯುತ್ತದೆ? ಹೀಗಾಗಿ ಮೂರು ಎಕರೆ ಕಬ್ಬು, ಮೈತುಂಬ ಸಾಲ ಇದ್ದವನೂ ಕೇಂದ್ರದ ಲೆಕ್ಕದಲ್ಲಿ ಸಾಹುಕಾರನಾದ. ಭಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ.

ರಾಜ್ಯದ ಯೋಜನೆಯ ಕಥೆಯೂ ಹೆಚ್ಚು ಬೇರೆ ಅಲ್ಲ. ಈಗಿನ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಹಿಂದೆ ರಾಜೀವ ಗಾಂಧಿ ಜೀವನದಾಯಿ ಎಂಬ ಹೆಸರಿನಲ್ಲಿ 2012ರ ಜುಲೈ 2ರಂದು ಎಂಟು ಜಿಲ್ಲೆಗಳಲ್ಲಿ ಆರಂಭವಾಯಿತು. ಆ ಎಂಟರಲ್ಲಿ ನಮ್ಮ ಸೊಲ್ಲಾಪುರವೂ ಒಂದು. ಹಳದಿ ಮತ್ತು ಕೇಸರಿ ರೇಷನ್ ಕಾರ್ಡಿನವರಿಗೆ ಒಂದೂವರೆ ಲಕ್ಷದವರೆಗೆ ಚಿಕಿತ್ಸೆ ಇತ್ತು. ಮುಂದೆ ಮರಾಠವಾಡಾ ಮತ್ತು ವಿದರ್ಭದ 14 ಸಂಕಟಗ್ರಸ್ತ ಜಿಲ್ಲೆಗಳಲ್ಲಿ ಬಿಳಿ ಕಾರ್ಡಿನ ರೈತರಿಗೂ ಸಾತಬಾರಾ ಉತಾರದ ಮೇಲೆ ಸವಲತ್ತು ಕೊಟ್ಟರು. ಸೊಲ್ಲಾಪುರವೂ ಸಾಂಗಲಿಯೂ ಆ 14ರಲ್ಲಿ ಇರಲಿಲ್ಲ. ತುಳಜಾಪುರ ತಾಲೂಕಿನ ಬಿಳಿ ಕಾರ್ಡಿನ ರೈತನಿಗೆ ಸಿಕ್ಕದ್ದು ಪಕ್ಕದ ಅಕ್ಕಲಕೋಟದವನಿಗೆ ಸಿಗಲಿಲ್ಲ, ಜತ್ತದವನಿಗೂ ಇಲ್ಲ. ನಾನು 2019ರಲ್ಲಿ “ನಿಮಗೆ ಬರುವುದಿಲ್ಲ” ಎಂದದ್ದು ಇದರ ಆಧಾರದ ಮೇಲೆ.

2024ರಲ್ಲಿ ಆದ ಎರಡು ಬದಲಾವಣೆ

ಮೊದಲನೆಯದು ರಾಜ್ಯದ್ದು. ಕೇಂದ್ರ ಮತ್ತು ರಾಜ್ಯದ ಯೋಜನೆಗಳು 2020ರ ಏಪ್ರಿಲ್‌ನಿಂದ ಜೋಡಿಯಾಗಿ ನಡೆಯುತ್ತಿದ್ದವು. 2023ರ ಜುಲೈಯಲ್ಲಿ ನಿರ್ಣಯವಾಗಿ, 2024ರ ಜುಲೈ 1ರಿಂದ ಮಹಾರಾಷ್ಟ್ರದ ಎಲ್ಲ ಕುಟುಂಬಗಳಿಗೂ ಇದು ಅನ್ವಯಿಸಿತು. ಕಾರ್ಡು ಹಳದಿ ಇರಲಿ, ಕೇಸರಿ ಇರಲಿ, ಬಿಳಿ ಇರಲಿ. ರೇಷನ್ ಕಾರ್ಡೇ ಇಲ್ಲದವರಿಗೆ ರಹಿವಾಸಿ ದಾಖಲೆ ಸಾಕು. ಮಿತಿ ಒಂದೂವರೆ ಲಕ್ಷದಿಂದ 5 ಲಕ್ಷಕ್ಕೆ ಏರಿತು.

ಎರಡನೆಯದು ಕೇಂದ್ರದ್ದು. 2024ರ ಸೆಪ್ಟೆಂಬರ್ 11ರಂದು ಕೇಂದ್ರ ಮಂತ್ರಿಮಂಡಲ ಒಪ್ಪಿ, ಅಕ್ಟೋಬರ್ 29ರಿಂದ 70 ವರ್ಷ ತುಂಬಿದ ಎಲ್ಲರಿಗೂ ಆಯುಷ್ಮಾನ್ ಭಾರತ ತೆರೆಯಿತು. ಇದರಲ್ಲಿ ಆದಾಯ ನೋಡುವುದಿಲ್ಲ, ಜಮೀನು ನೋಡುವುದಿಲ್ಲ. ಟ್ರ್ಯಾಕ್ಟರ್, ಪಂಪು, ಮಗನ ನೌಕರಿ ಯಾವುದೂ ಅಡ್ಡಿಯಲ್ಲ. ಬೇಕಾದದ್ದು ಆಧಾರ್ ಒಂದೇ. ಇದಕ್ಕೆ ಆಯುಷ್ಮಾನ್ ವಯ ವಂದನಾ ಎಂಬ ಬೇರೆ ಕಾರ್ಡು ಕೊಡುತ್ತಾರೆ. ಕಾರ್ಡಾದ ದಿನದಿಂದಲೇ ಚಿಕಿತ್ಸೆ ಪಡೆಯಬಹುದು, ಕಾಯುವ ಅವಧಿ ಇಲ್ಲ.

ಇಲ್ಲಿ ಒಂದು ಲೆಕ್ಕವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕುಟುಂಬದ ಹೆಸರು ಮೊದಲಿನಿಂದಲೂ ಕೇಂದ್ರದ ಯಾದಿಯಲ್ಲಿದ್ದರೆ, ಹಿರಿಯರಿಗೆ ಮನೆಯವರ 5 ಲಕ್ಷದ ಹೊರತಾಗಿ ಇನ್ನೊಂದು 5 ಲಕ್ಷ ಪ್ರತ್ಯೇಕವಾಗಿ ಸಿಗುತ್ತದೆ. ಅದರಲ್ಲಿ ಕಿರಿಯರು ಪಾಲು ಕೇಳುವಂತಿಲ್ಲ. ಯಾದಿಯಲ್ಲಿ ಇಲ್ಲದ ಮನೆಯ ಹಿರಿಯರಿಗೂ 5 ಲಕ್ಷ ಉಂಟು. ಆದರೆ ಒಂದೇ ಮನೆಯಲ್ಲಿ ತಂದೆ ತಾಯಿ ಇಬ್ಬರೂ 70 ದಾಟಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ನಿವೃತ್ತ ಸೈನಿಕರಿಗೆ ತಮ್ಮದೇ ಯೋಜನೆ ಇರುವುದರಿಂದ ಅದು ಬೇಕೋ ಇದು ಬೇಕೋ ಎಂದು ಒಂದನ್ನು ಆರಿಸಿಕೊಳ್ಳಬೇಕು. ಖಾಸಗಿ ವಿಮೆ ಇದ್ದವರಿಗೆ ಅಂಥ ತೊಡಕಿಲ್ಲ, ಎರಡೂ ನಡೆಯುತ್ತವೆ.

ನೋಂದಣಿಯಾಗದ ಕಬ್ಬಿಗೆ ಕಡಿಯುವ ಚೀಟಿ ಇಲ್ಲ

ಹೊಲದಲ್ಲಿ ಕಬ್ಬು ಎಷ್ಟೇ ಚೆನ್ನಾಗಿ ನಿಂತಿರಲಿ, ನಮ್ಮ ದಫ್ತರಿನಲ್ಲಿ ಲಾವಣಿ ನೋಂದಣಿ ಆಗದಿದ್ದರೆ ಟೋಳಿ ಬರುವುದಿಲ್ಲ. ಇದು ತಮಗೆ ಗೊತ್ತು. ಈ ಯೋಜನೆಯೂ ಹಾಗೆಯೇ. ಅರ್ಹತೆ ಇದ್ದರೆ ಸಾಲದು, ಕಾರ್ಡು ಮೊದಲೇ ಆಗಿರಬೇಕು. ಎದೆನೋವು ಬಂದ ರಾತ್ರಿ ಆಧಾರ್ ಹುಡುಕುವುದು, ಹೆಸರು ತಿದ್ದಿಸುವುದು ಆಗುವ ಕೆಲಸವಲ್ಲ.

ನಮ್ಮ ಗಡಿಭಾಗದ ದೊಡ್ಡ ತೊಂದರೆ ಎಂದರೆ ಹೆಸರು. ಮನೆಯಲ್ಲಿ ಕರೆಯುವುದು ಮಲ್ಲಪ್ಪ, ಮರಾಠಿಯಲ್ಲಿ ಬರೆದ ರೇಷನ್ ಕಾರ್ಡಿನಲ್ಲಿ ಮಲಪ್ಪಾ, ಆಧಾರ್‌ನಲ್ಲಿ ಮಲ್ಲಿಕಾರ್ಜುನ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಅಡ್ಡಹೆಸರು ಒಂದರಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ಸೊಸೆಯಾಗಿ ಬಂದವಳ ಆಧಾರ್ ಇನ್ನೂ ತವರಿನ ಇಂಡಿ ಅಥವಾ ಆಳಂದದ ವಿಳಾಸದಲ್ಲಿಯೇ ಇರುತ್ತದೆ. ಈ ತಿದ್ದುಪಡಿಗಳನ್ನು ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ ಮಾಡಿಸಿಕೊಳ್ಳಿರಿ.

ಹಿರಿಯರ ವಯಸ್ಸನ್ನು ಆಧಾರ್‌ನಿಂದಲೇ ಹಿಡಿಯುತ್ತಾರೆ. ಎಷ್ಟೋ ಮುದುಕರ ಹುಟ್ಟಿದ ದಿನವನ್ನು ಅಂದಾಜಿನ ಮೇಲೆ ಜನವರಿ 1 ಎಂದು ಬರೆದಿರುತ್ತಾರೆ, ವರ್ಷವೂ ಅಂದಾಜೇ. 75ರ ಅಜ್ಜನಿಗೆ ಕಾಗದದ ಮೇಲೆ 66 ಆಗಿದ್ದರೆ ವಯ ವಂದನಾ ಕಾರ್ಡು ಬರುವುದಿಲ್ಲ.

ಮೊಬೈಲ್ ನಂಬರು ಸ್ವಂತದ್ದೇ ಕೊಡಿರಿ. 2023ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಈ ಯೋಜನೆಯ ಹುಳುಕುಗಳನ್ನು ತೋರಿಸಿತ್ತು. ಏಳು ಲಕ್ಷಕ್ಕೂ ಹೆಚ್ಚು ಜನರ ಹೆಸರಿಗೆ ಒಂದೇ ಮೊಬೈಲ್ ನಂಬರು, ಅದೂ ಹತ್ತು ಒಂಬತ್ತುಗಳ ಸುಳ್ಳು ನಂಬರು, ಜೋಡಿಸಲಾಗಿತ್ತು. ದಾಖಲೆಯಲ್ಲಿ ಸತ್ತವರೆಂದು ತೋರಿಸಿದವರ ಹೆಸರಿನಲ್ಲಿ ಚಿಕಿತ್ಸೆ ಮುಂದುವರಿದದ್ದೂ ಅದರಲ್ಲಿದೆ. ತಮ್ಮ ನಂಬರು ಇದ್ದರೆ ತಮ್ಮ ಹೆಸರಿನಲ್ಲಿ ಏನಾದರೂ ನಡೆದಾಗ ತಮಗೆ ಸಂದೇಶ ಬರಲು ದಾರಿ ಇರುತ್ತದೆ. ಕಾರ್ಡಿಗೆ ಫೀ ಇಲ್ಲ ಎಂಬುದನ್ನೂ ಲಕ್ಷ್ಯದಲ್ಲಿಡಿರಿ.

ದವಾಖಾನೆಗೆ ಹೋದಾಗ

ಎಲ್ಲ ದವಾಖಾನೆಗಳೂ ಯೋಜನೆಯಲ್ಲಿ ಇಲ್ಲ. ಯೋಜನೆಯಲ್ಲಿದ್ದ ದವಾಖಾನೆಯಲ್ಲಿಯೂ ಎಲ್ಲ ವಿಭಾಗಗಳು ಇರಲಿಕ್ಕಿಲ್ಲ. ಮೂತ್ರಪಿಂಡಕ್ಕೆ ಸೇರಿರುತ್ತದೆ, ಹೃದಯಕ್ಕೆ ಸೇರಿರುವುದಿಲ್ಲ. ಹೋಗುವ ಮೊದಲು 14555ಕ್ಕೆ, ರಾಜ್ಯದ ಯೋಜನೆಗಾದರೆ 155388ಕ್ಕೆ ಫೋನು ಮಾಡಿ ಕೇಳಬಹುದು. ಒಳಗೆ ಹೋದ ಕೂಡಲೇ ದುಡ್ಡು ಕಟ್ಟುವ ಕಿಂಡಿಗೆ ಹೋಗಬೇಡಿರಿ. ಆರೋಗ್ಯಮಿತ್ರ ಎಂಬ ನೌಕರನ ಮೇಜು ಎಲ್ಲಿದೆ ಎಂದು ಕೇಳಿರಿ. ಕಾಗದ ನೋಡಿ ಮಂಜೂರಿ ತರಿಸುವುದು ಅವನ ಕೆಲಸ. ತುರ್ತು ಇದ್ದರೆ ಮೊದಲು ದಾಖಲು, ಮಂಜೂರಿ ಆಮೇಲೆ. ಮಂಜೂರಿಯಾದ ಚಿಕಿತ್ಸೆಗೆ ತಪಾಸಣೆ, ಔಷಧ, ಸ್ಟೆಂಟಿನಂಥ ಸಾಮಾನು ಎಲ್ಲವೂ ಸೇರಿ ದರ ಗೊತ್ತಾಗಿರುತ್ತದೆ. ಕೇಂದ್ರದ ಯೋಜನೆಯಲ್ಲಿ ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನದ ಖರ್ಚೂ ಸೇರುತ್ತದೆ. ಮೇಲೆ ಹಣ ಕೇಳಿದರೆ ಅದೇ ನಂಬರಿಗೆ ತಕ್ರಾರು ಕೊಡಿರಿ. ಕೊಟ್ಟೇ ಬಿಟ್ಟಿದ್ದರೆ ಪಾವತಿ ಇಲ್ಲದೆ ಬರಬೇಡಿರಿ.

ದಿನನಿತ್ಯದ ಬಿ.ಪಿ., ಸಕ್ಕರೆ ರೋಗದ ಗುಳಿಗೆ ಇದರಲ್ಲಿ ಬರುವುದಿಲ್ಲ. ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಡಯಾಲಿಸಿಸ್ ಮತ್ತು ಕ್ಯಾನ್ಸರಿನ ಚಿಕಿತ್ಸೆಗೆ ಮಾತ್ರ ಇದು. ಗುಳಿಗೆಗೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಒಳ್ಳೆಯದು. ರಾಜ್ಯದ ಆರೋಗ್ಯ ಇಲಾಖೆಯ ದವಾಖಾನೆಗಳಲ್ಲಿ 2023ರ ಆಗಸ್ಟ್ 15ರಿಂದ ಚೀಟಿಯ ಹಣವನ್ನೂ ತೆಗೆದುಹಾಕಿದ್ದಾರೆ. ಕಬ್ಬಿನಲ್ಲಿ ಹಾವು ಕಡಿದರೆ ಕಾರ್ಡು ಹುಡುಕುತ್ತ ನಿಲ್ಲದೆ 108 ಕರೆಯಿರಿ.

ಗಡಿಯ ಆಚೆ

ನಮ್ಮಲ್ಲಿ ಅನೇಕರಿಗೆ ಕಲಬುರಗಿ, ವಿಜಯಪುರದ ಡಾಕ್ಟರರ ರೂಢಿ. ಭಾಷೆಯೂ ತಿಳಿಯುತ್ತದೆ, ಬೀಗರ ಮನೆಯೂ ಇರುತ್ತದೆ. ಕೇಂದ್ರದ ಯಾದಿಯವರು ಮತ್ತು ವಯ ವಂದನಾ ಕಾರ್ಡಿನ ಹಿರಿಯರು ಅಲ್ಲಿಯ ಆಯುಷ್ಮಾನ್ ದವಾಖಾನೆಗಳಿಗೂ ಹೋಗಬಹುದು, ಏಕೆಂದರೆ ಅದು ರಾಜ್ಯದ ಗಡಿ ದಾಟುತ್ತದೆ. ರಾಜ್ಯದ ಯೋಜನೆಯಿಂದ ಮಾತ್ರ ಹಕ್ಕು ಬಂದವರು, ಅಂದರೆ ನಮ್ಮ ಬಹುಪಾಲು ಸಭಾಸದರ ಮನೆಯ 70ರೊಳಗಿನವರು, ಹಾಗೆ ಎಣಿಸಿ ಹೋಗಬಾರದು. ಮೊದಲು ಫೋನು ಮಾಡಿ ಕೇಳಿರಿ.

ಆ ಕಡೆಯ ನೆಂಟರು “ಯಶಸ್ವಿನಿ” ಮಾಡಿಸಿಕೊಳ್ಳಿ ಎನ್ನುತ್ತಾರೆ. ಅದು ಕರ್ನಾಟಕದ ಸಹಕಾರಿ ಸಂಘಗಳ ಸದಸ್ಯರಿಗೆ. ನಮ್ಮ ಶೇರು ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ. ಆದರೆ ಅದರ ವಿಷಯ ನನಗೆ ಬಹಳ ಗೌರವ. ಡಾ. ದೇವಿ ಶೆಟ್ಟಿಯವರ ಸಲಹೆಯ ಮೇಲೆ 2003ರಲ್ಲಿ ಚಿಕಿತ್ಸೆ ಶುರುವಾದಾಗ ವರ್ಷಕ್ಕೆ ಒಬ್ಬರಿಗೆ 60 ರೂಪಾಯಿ ವಂತಿಗೆ. ದೊಡ್ಡ ಶಸ್ತ್ರಕ್ರಿಯೆಯನ್ನು ಸಾಮಾನ್ಯ ರೈತನ ಕೈಗೆಟುಕಿಸಿದ್ದು ಸಹಕಾರಿ ಸಂಘಗಳ ಬಲ. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ಕರಗಿತ್ತು, 2023ರ ಜನವರಿಯಿಂದ ಮತ್ತೆ ನಡೆದಿದೆ. ಸಕ್ಕರೆ ಸಹಕಾರದಲ್ಲಿ ಇಷ್ಟು ದೊಡ್ಡವರಾದ ನಾವು ಅಂಥದೊಂದನ್ನು ಮೊದಲು ಕಟ್ಟಲಿಲ್ಲವಲ್ಲ ಎಂದು ಅನಿಸುತ್ತದೆ.

ತಮ್ಮ ಹೊಲಕ್ಕೆ ಬರುವ ಟೋಳಿಯವರಿಗೂ ಇದನ್ನು ಹೇಳಿರಿ. ಬೀಡದಿಂದ ಬಂದವರ ಕಾರ್ಡು ಇಲ್ಲಿಯೂ ನಡೆಯುತ್ತದೆ. ಆದರೆ ಹೆಂಗಸರ ವಿಷಯದಲ್ಲಿ ಒಂದು ಎಚ್ಚರ. 2019ರಲ್ಲಿ ಸರಕಾರದ ಸಮಿತಿ ನೋಡಿದಾಗ ಬೀಡ ಜಿಲ್ಲೆಯ ಕಬ್ಬು ಕಡಿಯುವ 82,309 ಹೆಂಗಸರಲ್ಲಿ 13,861 ಜನರ ಗರ್ಭಕೋಶ ತೆಗೆದದ್ದು ಕಂಡುಬಂತು. ಹೊಟ್ಟೆನೋವೆಂದು ಹೋದವರಿಗೆ ಯಾರಾದರೂ ಕೂಡಲೇ ಚೀಲ ತೆಗೆಸಿ ಎಂದರೆ, ಸರಕಾರಿ ದವಾಖಾನೆಯಲ್ಲಿ ಎರಡನೆಯ ಡಾಕ್ಟರರಿಗೆ ತೋರಿಸದೆ ಒಪ್ಪಬಾರದು.

ಈ ಸಲ ಲಾವಣಿ ನೋಂದಣಿಗೆ ಗಟ ಕಚೇರಿಗೆ ಬರುವಾಗ ಸಾತಬಾರಾ ಜೊತೆಗೆ ಮನೆಯವರೆಲ್ಲರ ಆಧಾರ್ ಮತ್ತು ರೇಷನ್ ಕಾರ್ಡು ತನ್ನಿರಿ. ಹೆಸರು ತಾಳೆ ಇದೆಯೋ ಇಲ್ಲವೋ ನಾವು ನೋಡಿ ಹೇಳುತ್ತೇವೆ, ಕಾರ್ಡನ್ನು ಮಾತ್ರ ಸೇವಾ ಕೇಂದ್ರದಲ್ಲಿ ಮಾಡಿಸಬೇಕು. 70 ದಾಟಿದವರನ್ನು ಅಲ್ಲಿಗೆ ಖುದ್ದಾಗಿ ಕರೆದುಕೊಂಡು ಹೋಗಿರಿ. ಆಧಾರ್‌ಗೆ ಜೋಡಿಸಿದ ಮೊಬೈಲು ಪುಣೆಯಲ್ಲಿರುವ ಮಗನ ಕೈಯಲ್ಲಿದ್ದರೆ ಒಟಿಪಿ ಅಲ್ಲಿಗೆ ಹೋಗುತ್ತದೆ. ಮಣ್ಣು ಮುಟ್ಟಿ ಮುಟ್ಟಿ ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ಹೋಗಬಹುದು. ಆಗ ಮುಖ ತೋರಿಸಿ ಗುರುತು ಹಿಡಿಸುವ ವ್ಯವಸ್ಥೆ ಉಂಟು, ಅದನ್ನು ಕೇಳಿ ಮಾಡಿಸಿಕೊಳ್ಳಿರಿ.