ನೆರೆ ಇಳಿದ ಮೇಲೆ ಗಜನಿ ಗದ್ದೆ: ಮೊದಲ ಕೆಲಸ ಒಡ್ಡಿನದು

2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಹೊಳೆ ಉಕ್ಕಿ ಅಂಕೋಲೆಯ ಗದ್ದೆ-ತೋಟಗಳಿಗೆ ನುಗ್ಗಿತು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೊಳೆಗೆ ಬಿದ್ದಾಗ, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೇ ಕೆಡವಿತು. ಬೇಲೆಕೇರಿಯಿಂದ ಗಂಗಾವಳಿ ಅಳಿವೆಯವರೆಗಿನ ನಮ್ಮ ಕರಾವಳಿಗೆ ನೆರೆ ಹೊಸದಲ್ಲ. ಒಡ್ಡು ಕಟ್ಟಿ ಉಪ್ಪುನೀರು ತಡೆದ ಅಳಿವೆಯ ತಗ್ಗು ಗದ್ದೆಗಳೇ ಗಜನಿ. ಅಲ್ಲಿ ನೆರೆ ಇಳಿದ ಮೊದಲ ಕೆಲವು ವಾರ ನಾವೇನು ಮಾಡುತ್ತೇವೆ ಎಂಬುದರ ಮೇಲೆ ಮುಂದಿನ ಬೆಳೆ ನಿಂತಿದೆ.

ಉಪ್ಪು ತಡವಾಗಿ ಬರುತ್ತದೆ

ಜುಲೈನ ನೆರೆನೀರು ಬಹುಪಾಲು ಸಿಹಿನೀರು. ಅದು ಹೊತ್ತು ತರುವುದು ಕೆಸರು. ಮಳೆ ಕಡಿಮೆಯಾಗಿ ಹೊಳೆಯ ಒತ್ತಡ ತಗ್ಗಿದ ಮೇಲೆ ಭರತದ ಉಪ್ಪುನೀರು ಒಳಸರಿಯುತ್ತದೆ. ಭತ್ತ ತೆನೆಗಟ್ಟುವ ಹೊತ್ತೂ ಅದೇ. ಹೂ ಬಿಡುವಾಗ ಉಪ್ಪು ತಾಗಿದರೆ ಕಾಳು ಜೊಳ್ಳಾಗುತ್ತದೆ. ಆದ್ದರಿಂದ ಒಡೆದ ಒಡ್ಡನ್ನು ಮಳೆಗಾಲ ಮುಗಿಯಲೆಂದು ಬಿಡಬೇಡಿ. ಬಿಡುವು ಸಿಕ್ಕ ಕೂಡಲೇ ಕಟ್ಟಿ.

ಒಡ್ಡಿನ ಮೇಲೆ ಇಳಿತದ ಹೊತ್ತಿನಲ್ಲಿ ನಡೆಯಿರಿ. ಬೆರಳು ತೂರುವಷ್ಟು ಏಡಿ ಬಿಲದಿಂದ ಒಳಗಿನ ನೀರು ಕೆಂಪಾಗಿ ಜಿನುಗುತ್ತಿದ್ದರೆ, ನಾಳೆ ಅಲ್ಲೇ ಕಂಡಿ ಬೀಳುತ್ತದೆ. ಅದನ್ನು ಜಿಗುಟು ಮಣ್ಣಿನಿಂದ ಒತ್ತಿ ಮುಚ್ಚಿ. ಒಡ್ಡಿನ ನೀರುಬಾಗಿಲಿನ ಹಲಗೆಗಳನ್ನು ಇಳಿತಕ್ಕೆ ತೆರೆದು, ಭರತಕ್ಕೆ ಹಾಕುವ ಕೆಲಸವನ್ನು ಇಬ್ಬರಿಗೆ ಪಾಳಿಯಲ್ಲಿ ವಹಿಸಿ. ಒಬ್ಬರ ಗದ್ದೆಯ ಕಂಡಿಯಿಂದ ಹೊಕ್ಕ ಉಪ್ಪು ಇಡೀ ಗಜನಿಗೆ ಹರಡುತ್ತದೆ. ಈ ಕೆಲಸಕ್ಕೆ ಒಂಟಿ ರೈತ ಸಾಲುವುದಿಲ್ಲ, ಊರೇ ಬೇಕು.

ನೆಲ ಮತ್ತು ಪೈರು

ನಯವಾದ ಗೋಡುಮಣ್ಣು ತೆಳುವಾಗಿದ್ದರೆ ಉಳುಮೆಯಲ್ಲಿ ಬೆರೆಸಿ. ದಪ್ಪ ಮರಳನ್ನು ತೆಗೆಯಲೇಬೇಕು. ಮುಳುಗಿ ಎದ್ದ ಪೈರಿಗೆ ತಕ್ಷಣ ಯೂರಿಯಾ ಬೇಡ. ಎಲೆಗೆ ಅಂಟಿದ ಕೆಸರು ತೊಳೆದುಹೋಗಿ, ಹೊಸ ಎಲೆ ಮೂಡಿದ ಮೇಲೆ ಕೊಡಿ. ಖಾಲಿ ಬಿದ್ದ ಕಡೆ, ಉಳಿದ ಗಿಡದ ಮರಿಗಳನ್ನು ಬಿಡಿಸಿ ನಾಟಿ ಮಾಡಿ. ಉಪ್ಪು ಹೊಕ್ಕ ನೆಲದಲ್ಲಿ ಮಳೆನೀರು ನಿಲ್ಲಿಸಿ, ಬಸಿದು, ಮತ್ತೆ ನಿಲ್ಲಿಸಿ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಿ ಹಣ ಕಳೆಯಬೇಡಿ. ಅದು ಕ್ಷಾರ ನೆಲಕ್ಕೆ ಮದ್ದು, ಬರೀ ಉಪ್ಪಿನ ನೆಲಕ್ಕಲ್ಲ.

ಕಗ್ಗದ ಬೀಜ ಉಳಿಸಿ

ಎತ್ತರಕ್ಕೆ ಬೆಳೆದು, ಮುಳುಗಡೆಯನ್ನೂ ಉಪ್ಪನ್ನೂ ತಾಳುವ ಕಗ್ಗ ನಮ್ಮ ಹಿರಿಯರು ಗಜನಿಗೆಂದೇ ಉಳಿಸಿ ತಂದ ತಳಿ. ಕುಮಟಾದ ಮಾಣಿಕಟ್ಟದಲ್ಲಿ ಇಂದಿಗೂ ಬೆಳೆಯುತ್ತಾರೆ. ಅದರ ಬೀಜವನ್ನು ಒಂದೇ ಮನೆಯಲ್ಲಿ ಇಡಬೇಡಿ. ದಿಬ್ಬದ ಮೇಲಿನ ಮೂರು ಮನೆಗಳಲ್ಲಿ, ನೀರು ಮುಟ್ಟದ ಅಟ್ಟದಲ್ಲಿ, ಸ್ವಲ್ಪ ಸ್ವಲ್ಪ ಇಡಿ. ಮನೆಯೊಂದು ಮುಳುಗಿದರೂ ಬೀಜ ಉಳಿದಿರುತ್ತದೆ.

ಪರಿಹಾರಕ್ಕೆ

ಗದ್ದೆ ಸರಿಮಾಡುವ ಮೊದಲೇ ಹಾನಿಯ ಚಿತ್ರ ತೆಗೆಯಿರಿ. ಸರ್ವೆ ನಂಬರ್ ಸಮೇತ ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಸರ್ಕಾರದ ಇನ್‌ಪುಟ್ ಸಬ್ಸಿಡಿಗೆ ಅರ್ಹತೆ ಬರುತ್ತದೆ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಬೆಳೆ ಸಮೀಕ್ಷೆಯ ದಾಖಲೆ ಮೊದಲೇ ಸರಿಯಿರಲಿ. ಸಂದೇಹಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ.

ಮೇ ತಿಂಗಳಲ್ಲಿ ಒಂದು ಸಂಜೆ ಗಜನಿಯ ಎಲ್ಲ ಮನೆಯವರೂ ಒಡ್ಡಿನ ಮೇಲೆ ಸೇರಿ. ಯಾರು ಬಾಗಿಲು ನೋಡುತ್ತಾರೆ, ಬೀಜ ಯಾರ ಅಟ್ಟದಲ್ಲಿದೆ, ಒಡ್ಡು ಒಡೆದರೆ ಮಣ್ಣು ಎಲ್ಲಿಂದ ತರುತ್ತೇವೆ: ಈ ಮೂರನ್ನು ಅಂದೇ ತೀರ್ಮಾನಿಸಿ, ಬರೆದಿಡಿ.